ಊರಿನ ಸಂಘ, ಕೂಟ, ಮಂಡಳಿಗಳು: ಗಡಿನಾಡ ಸದಸ್ಯರಿಗೊಂದು ಪರಿಚಯ

ಹೊಸದಾಗಿ ಒಂದು ಸಂಘ ಕಟ್ಟುವುದು ಹೇಗೆ, ನಿಂತುಹೋದ ಸಂಘವನ್ನು ಮತ್ತೆ ನಡೆಸುವುದು ಹೇಗೆ, ನೋಂದಣಿ ಬೇಕೇ ಬೇಡವೇ ಎಂದು ಬೇರೆ ಬೇರೆ ಊರುಗಳ ಸದಸ್ಯರು ನಮ್ಮನ್ನು ಆಗಾಗ ಕೇಳುತ್ತಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲೆಂದು ಈ ಲೇಖನ. ಉದಾಹರಣೆಗೆ ಕಾಸರಗೋಡಿನ ಹಳ್ಳಿಗಳನ್ನು ಆರಿಸಿಕೊಂಡಿದ್ದೇವೆ. ಅಲ್ಲಿ ಇಂಥ ಕೂಟಗಳು ಹೆಚ್ಚು, ಅವುಗಳ ಬಗೆಗಳೂ ಹೆಚ್ಚು. ಉಳಿದ ಗಡಿಭಾಗದವರು ತಮ್ಮ ಊರಿಗೆ ಹೊಂದಿಸಿಕೊಂಡು ಓದಬಹುದು.

ಕನ್ನಡ ಸಭೆಯ ಭಾಷೆ

ಕಾಸರಗೋಡು ಮೊದಲು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿನ ಮನೆಗಳಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ಹಲವು ಮಾತುಗಳಿವೆ. ಆದರೆ ಮನೆಯಲ್ಲಿ ತುಳು ಆಡುವವರೂ ಸಭೆ ಸೇರಿದಾಗ ಸ್ವಾಗತ, ಧನ್ಯವಾದ ಹೇಳುವುದು ಕನ್ನಡದಲ್ಲಿ. ಆಮಂತ್ರಣ ಪತ್ರ ಅಚ್ಚಾಗುವುದೂ, ಲೆಕ್ಕ ಓದುವುದೂ ಕನ್ನಡದಲ್ಲೇ. ಅಂದರೆ ಇಲ್ಲಿ ಬಹಳ ಜನರಿಗೆ ಕನ್ನಡ ಅಡುಗೆಮನೆಯ ಭಾಷೆಯಲ್ಲ, ಶಾಲೆಯ ಮತ್ತು ಸಭೆಯ ಭಾಷೆ.

ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವುದು ನಮಗೆಲ್ಲ ತಿಳಿದ ಸಂಗತಿ. ಶಾಲೆ ಹಿಂದೆ ಸರಿದರೆ ಉಳಿಯುವುದು ಸಭೆ ಮಾತ್ರ. ಆದ್ದರಿಂದ ಊರಿನ ಒಂದು ಸಣ್ಣ ಸಂಘ ನಿಂತರೆ ನಷ್ಟ ಮನರಂಜನೆಗಷ್ಟೇ ಅಲ್ಲ, ನಾಲ್ಕು ಜನರೆದುರು ಕನ್ನಡ ಮಾತಾಡುವ ಜಾಗವೂ ಹೋಗುತ್ತದೆ. ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ತಾಳಮದ್ದಳೆ ಕೂಟ

ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬ ಕುಂಬಳೆ ಸೀಮೆಯವನು. ಕರ್ನಾಟಕ ಯಕ್ಷಗಾನ ಅಕಾಡೆಮಿ ತನ್ನ ದೊಡ್ಡ ಪ್ರಶಸ್ತಿಗೆ ಅವನ ಹೆಸರಿಟ್ಟಿದೆ. ವೇಷ ಕಟ್ಟಿ ಆಡುವ ಆಟಕ್ಕೆ ಮೇಳ ಬೇಕು, ರಂಗಸ್ಥಳ ಬೇಕು, ದೊಡ್ಡ ಖರ್ಚು ಬೇಕು. ತಾಳಮದ್ದಳೆಗೆ ಇವು ಯಾವುವೂ ಬೇಡ. ಒಬ್ಬ ಭಾಗವತ, ಚೆಂಡೆ ಮದ್ದಳೆಯವರು, ಐದಾರು ಅರ್ಥಧಾರಿಗಳು, ಕೂರಲು ಒಂದು ಜಗಲಿ ಇದ್ದರೆ ಸಾಕು. ಅದಕ್ಕೇ ಹಳ್ಳಿಯ ಹವ್ಯಾಸಿಗಳಿಗೆ ಇದು ಒಗ್ಗಿತು. ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ದೇವಸ್ಥಾನದಲ್ಲೋ ಭಜನಾ ಮಂದಿರದಲ್ಲೋ ಕೂಟ ಸೇರುತ್ತದೆ.

ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಅರ್ಥಧಾರಿ ಅದಕ್ಕೆ ಆಗಲೇ ಮಾತು ಕಟ್ಟುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿಗೆ ಕುಳಿತವರು ಕೇಳಿದ ಪ್ರಶ್ನೆಗೆ ಪಾತ್ರದ ಒಳಗಿದ್ದೇ ಉತ್ತರ ಕೊಡಬೇಕು. ದಿನವಿಡೀ ತೋಟದಲ್ಲಿ ತುಳುವಿನಲ್ಲೋ ಮಲಯಾಳದಲ್ಲೋ ಮಾತಾಡಿದವರು ಸಂಜೆ ಕೃಷ್ಣನಾಗಿ, ವಾಲಿಯಾಗಿ ಗಂಟೆಗಟ್ಟಲೆ ಗ್ರಂಥಸ್ಥ ಕನ್ನಡ ಆಡುತ್ತಾರೆ. ಕನ್ನಡ ಮಾತುಗಾರಿಕೆಗೆ ಇದಕ್ಕಿಂತ ದೊಡ್ಡ ಪಾಠಶಾಲೆಯನ್ನು ನಾವು ಕಂಡಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಮೇರು ಅರ್ಥಧಾರಿ ಈ ನೆಲದವರೇ.

ಹೊಸಬರನ್ನು ಸೇರಿಸಿಕೊಳ್ಳುವ ಕ್ರಮವೂ ಇದೆ. ಮೊದಲು ಸಣ್ಣ ಪಾತ್ರ, ಎರಡು ಮೂರು ಪದಗಳಿಗೆ ಅರ್ಥ. ಪ್ರಸಂಗದ ಪುಸ್ತಕವನ್ನು ಒಂದು ವಾರ ಮೊದಲೇ ಅವರ ಕೈಗೆ ಕೊಡುವುದು. ತಪ್ಪಿದರೆ ಸಭೆಯಲ್ಲಿ ತಿದ್ದದೆ ಕೂಟ ಮುಗಿದ ಮೇಲೆ ಹೇಳುವುದು. ಈ ಮೂರನ್ನು ಪಾಲಿಸಿದ ಕೂಟಗಳಲ್ಲಿ ಮೀಸೆ ಮೂಡದ ಹುಡುಗರೂ, ಈಗೀಗ ಹೆಣ್ಣುಮಕ್ಕಳೂ ಅರ್ಥ ಹೇಳುತ್ತಿದ್ದಾರೆ.

ಭಜನಾ ಮಂಡಳಿ

ಊರಿಗೊಂದು ಭಜನಾ ಮಂದಿರವೆಂಬುದು ಇಲ್ಲಿನ ವಾಡಿಕೆ. ವಾರದಲ್ಲಿ ಒಂದು ಸಂಜೆ ಭಜನೆ, ವರ್ಷಕ್ಕೊಮ್ಮೆ ಸೂರ್ಯೋದಯದಿಂದ ಮರುದಿನ ಸೂರ್ಯೋದಯದವರೆಗೆ ಏಕಾಹ ಭಜನೆ. ದಾಸರ ಪದಗಳು ಪುಸ್ತಕ ನೋಡದೆ ಬಾಯಿಗೆ ಬರುವುದು ಇಲ್ಲಿಯೇ. ಈಚಿನ ವರ್ಷಗಳಲ್ಲಿ ಕುಣಿತ ಭಜನೆ ಹೆಚ್ಚಾಗಿದ್ದು, ಮಕ್ಕಳು ಮತ್ತು ಮಹಿಳೆಯರ ತಂಡಗಳು ಊರೂರಿನಲ್ಲಿ ಎದ್ದಿವೆ. ಕನ್ನಡ ಅಕ್ಷರ ಬಾರದ ಮಕ್ಕಳು ಪದಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಹಾಡುವುದನ್ನೂ ನಾವು ನೋಡಿದ್ದೇವೆ. ಅವರನ್ನು ಗದರಿಸಬಾರದು. ಭಜನೆಗೆ ಮೊದಲು ಅರ್ಧ ಗಂಟೆ ಕೂರಿಸಿ ಅದೇ ಪದದಿಂದ ಅಕ್ಷರ ಕಲಿಸಿದರೆ, ಬಾಯಿಗೆ ಬಂದ ಪದವಾದ್ದರಿಂದ ಅಕ್ಷರ ಬೇಗ ಹತ್ತುತ್ತದೆ.

ಗ್ರಂಥಾಲಯ

ಕೇರಳದಲ್ಲಿ ಹಳ್ಳಿ ಗ್ರಂಥಾಲಯವೆಂದರೆ ಸರ್ಕಾರದ ಕಚೇರಿಯಲ್ಲ, ಊರವರದೇ ಸಂಘ. 1945ರ ಸೆಪ್ಟೆಂಬರ್ 14ರಂದು ತಿರುವಾಂಕೂರಿನ ಅಂಬಲಪ್ಪುಳದಲ್ಲಿ ಪಿ.ಎನ್. ಪಣಿಕ್ಕರ್ ಅವರು ಊರೂರಿನ ಗ್ರಂಥಾಲಯಗಳನ್ನು ಒಂದು ಸಂಘದಡಿ ಸೇರಿಸಿದರು. ಅದು ಮುಂದೆ ರಾಜ್ಯವಿಡೀ ಹರಡಿತು. 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ನಂತರ ತಾಲೂಕು, ಜಿಲ್ಲೆ, ರಾಜ್ಯ ಎಂದು ಮೂರು ಹಂತದ ಗ್ರಂಥಾಲಯ ಕೌನ್ಸಿಲ್‌ಗಳು ಬಂದವು. ಪಣಿಕ್ಕರ್ ತೀರಿಕೊಂಡ ಜೂನ್ 19ನ್ನು ವಾಚನ ದಿನವಾಗಿ ಆಚರಿಸುತ್ತಾರೆ.

ಕೌನ್ಸಿಲ್‌ಗೆ ಸೇರಿದ ಗ್ರಂಥಾಲಯಗಳಿಗೆ ಎ, ಬಿ, ಸಿ ಮೊದಲಾದ ದರ್ಜೆಗಳಿದ್ದು, ದರ್ಜೆಗೆ ತಕ್ಕಂತೆ ವಾರ್ಷಿಕ ಅನುದಾನ ಸಿಗುತ್ತದೆ. ಪುಸ್ತಕಗಳ ಸಂಖ್ಯೆ, ಸದಸ್ಯರು, ನಡೆಸಿದ ಕಾರ್ಯಕ್ರಮ ಎಲ್ಲಕ್ಕೂ ದಾಖಲೆ ಬೇಕು. ಹೊಸ ಪುಸ್ತಕ ತರುವ ಹೊತ್ತಿಗೆ ಆಡಳಿತ ಸಮಿತಿಯಲ್ಲಿ ಕನ್ನಡ ಓದುವವರು ಒಬ್ಬರೂ ಇಲ್ಲದಿದ್ದರೆ ಕಪಾಟಿಗೆ ಕನ್ನಡ ಪುಸ್ತಕ ಬರುವುದಿಲ್ಲ. ಮಂಜೇಶ್ವರದ ಗೋವಿಂದ ಪೈ, ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈ ಬಾಳಿದ ಜಿಲ್ಲೆಯಲ್ಲಿ ಅವರ ಪುಸ್ತಕ ಸಿಗದ ಗ್ರಂಥಾಲಯ ಇರಬಾರದು. ಸದಸ್ಯರಾಗಿ, ಮಹಾಸಭೆಗೆ ಹೋಗಿ, ಸಮಿತಿಗೆ ನಿಲ್ಲಿ.

ಯುವಕ ಸಂಘ ಮತ್ತು ಮಹಿಳೆಯರ ಕೂಟ

ಕಲಾ ಮತ್ತು ಕ್ರೀಡಾ ಸಂಘ, ಫ್ರೆಂಡ್ಸ್ ಕ್ಲಬ್, ಯುವಕ ಸಂಘ, ಹೆಸರು ಏನೇ ಇರಲಿ ಕೆಲಸ ಒಂದೇ ತೆರನದು. ವಾಲಿಬಾಲ್, ಕಬಡ್ಡಿ, ಹಗ್ಗಜಗ್ಗಾಟ, ಅಷ್ಟಮಿಗೆ ಮೊಸರುಕುಡಿಕೆ, ಓಣಂಗೆ ಹೂವಿನ ರಂಗೋಲಿ, ಮಳೆಗಾಲದಲ್ಲಿ ಕೆಸರುಗದ್ದೆಯ ಆಟ, ಶಾಲೆಗೆ ಪುಸ್ತಕ ಹಂಚಿಕೆ, ರಕ್ತದಾನ. ಎಲ್ಲ ಭಾಷೆಯ, ಎಲ್ಲ ಮತದ ಹುಡುಗರು ಒಟ್ಟಾಗುವುದು ಇಲ್ಲಿ. ಇದು ಹಾಗೆಯೇ ಇರಬೇಕು.

ಮಹಿಳೆಯರಿಗೆ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ನೆರೆಕೂಟಗಳಿವೆ. ಹತ್ತರಿಂದ ಇಪ್ಪತ್ತು ಮನೆಯವರು ವಾರಕ್ಕೊಮ್ಮೆ ಸೇರಿ ಉಳಿತಾಯ ಕಟ್ಟುತ್ತಾರೆ, ಸಾಲ ಕೊಡುತ್ತಾರೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಒಬ್ಬರು ಪತ್ರಿಕೆ ಓದಿ ಹೇಳುವ ಪದ್ಧತಿ ಇಟ್ಟುಕೊಂಡರೆ ಅದೇ ಒಂದು ವಾಚನ ಕೂಟವಾಗುತ್ತದೆ.

ಉಳಿದ ಗಡಿಗಳಲ್ಲಿ

ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಗಳಲ್ಲಿ ತತ್ವಪದ ಮತ್ತು ವಚನ ಹಾಡುವ ಭಜನಾ ಮೇಳಗಳೇ ಕನ್ನಡದ ಆಧಾರ. ಮಡಕಶಿರಾ, ರಾಯದುರ್ಗದ ಕಡೆ ಕೋಲಾಟ, ಬಯಲಾಟ ಮತ್ತು ಹಾರ್ಮೋನಿಯಂ ಮೇಷ್ಟ್ರು ಕಲಿಸುವ ಪೌರಾಣಿಕ ನಾಟಕ. ತಾಳವಾಡಿಯ ಕಡೆ ಮಾದಪ್ಪನ ಪದ ಹಾಡುವವರಿದ್ದಾರೆ. ಇವರಲ್ಲಿ ಅನೇಕರು ತಮ್ಮನ್ನು ಸಂಘ ಎಂದು ಕರೆದುಕೊಳ್ಳುವುದೇ ಇಲ್ಲ. ಆದರೆ ಗೊತ್ತಾದ ದಿನ ಸೇರುವುದು, ಕಲಿಸುವುದು, ಖರ್ಚು ಹಂಚಿಕೊಳ್ಳುವುದು ಇದ್ದರೆ ಅದು ಸಂಘವೇ.

ನೋಂದಣಿ

ನಾಲ್ಕು ಜನ ಸೇರಿ ಹಾಡಲು ನೋಂದಣಿ ಬೇಡ. ಸಂಘದ ಹೆಸರಿನಲ್ಲಿ ಜಾಗ ಕೊಳ್ಳಲು, ಸರ್ಕಾರದ ಅನುದಾನ ಪಡೆಯಲು ಬೇಕು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಂಥ ಕಡೆ ನೆರವು ಕೇಳುವವರೂ ನೋಂದಣಿ ಪತ್ರ, ಲೆಕ್ಕಪತ್ರ ಸಿದ್ಧವಿಟ್ಟುಕೊಳ್ಳಬೇಕು.

ಕಾಸರಗೋಡು, ವಯನಾಡು ಸೇರಿದ ಮಲಬಾರು ಭಾಗಕ್ಕೆ 1860ರ ಸಂಘಗಳ ನೋಂದಣಿ ಕಾಯಿದೆ ಅನ್ವಯಿಸುತ್ತದೆ. ಮಹಾರಾಷ್ಟ್ರದಲ್ಲಿ ಇದೇ ಕಾಯಿದೆಯ ಜೊತೆಗೆ 1950ರ ಸಾರ್ವಜನಿಕ ನ್ಯಾಸಗಳ ಕಾಯಿದೆಯನ್ನೂ ನೋಡಿಕೊಳ್ಳಬೇಕು. ತಮಿಳುನಾಡಿನಲ್ಲಿ 1975ರ, ಆಂಧ್ರದಲ್ಲಿ 2001ರ ಪ್ರತ್ಯೇಕ ಕಾಯಿದೆಗಳಿವೆ. 1860ರ ಕಾಯಿದೆಯ ಮುಖ್ಯ ಅಂಶಗಳು ಇವು:

1. ಕನಿಷ್ಠ ಏಳು ಜನ ಸೇರಿ ಸಂಘದ ಹೆಸರು, ಉದ್ದೇಶ, ಆಡಳಿತ ಸಮಿತಿಯವರ ಹೆಸರು, ವಿಳಾಸ, ಉದ್ಯೋಗ ಬರೆದ ಪತ್ರಕ್ಕೆ ಸಹಿ ಹಾಕಬೇಕು. ಜೊತೆಗೆ ನಿಯಮಾವಳಿಯ ಪ್ರತಿ.

2. ವಾರ್ಷಿಕ ಮಹಾಸಭೆ ಮುಗಿದ ಹದಿನಾಲ್ಕು ದಿನದೊಳಗೆ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಕೊಡಬೇಕು. ಬಹಳ ಸಂಘಗಳು ಎಡವುವುದು ಇಲ್ಲಿಯೇ.

3. ಸಂಘ ವಿಸರ್ಜಿಸಲು ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಒಪ್ಪಬೇಕು. ಸಾಲ ತೀರಿಸಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅದು ಬೇರೊಂದು ಸಂಘಕ್ಕೆ ಹೋಗಬೇಕು.

ಕಾಸರಗೋಡಿನವರು ಇನ್ನೊಂದನ್ನು ನೆನಪಿಡಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ನಾವು ಬರೆಯುವುದನ್ನೇ ಬಿಟ್ಟರೆ ಈ ಹಕ್ಕು ಕಾಗದದಲ್ಲಿ ಮಾತ್ರ ಇರುತ್ತದೆ.

ಇಡಬೇಕಾದ ಪುಸ್ತಕಗಳು

ಸದಸ್ಯರ ಪಟ್ಟಿ, ನಡಾವಳಿ ಪುಸ್ತಕ, ನಗದು ಪುಸ್ತಕ, ರಸೀದಿ ಪುಸ್ತಕ, ಸಾಮಾನುಗಳ ದಾಸ್ತಾನು ಪುಸ್ತಕ, ಈ ಐದು ಸಾಕು. ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಬಂದ ನಮಗೆ ಇದು ರೂಢಿಯ ಮಾತೆಂದು ಕೆಲವರು ನಗುತ್ತಾರೆ. ಆದರೆ ಹಾರ್ಮೋನಿಯಂ ಯಾರದ್ದು, ಶಾಮಿಯಾನದ ಬಾಕಿ ಎಷ್ಟು ಎಂಬ ಜಗಳದಲ್ಲಿ ಮುರಿದ ಸಂಘಗಳು ಎಷ್ಟೋ.

ನಡಾವಳಿ ಪುಸ್ತಕದ ವಿಷಯವಾಗಿ ನಾವು ಕಂಡದ್ದನ್ನು ಹೇಳುತ್ತೇವೆ. ಒಂದು ಯುವಕ ಸಂಘದಲ್ಲಿ ಮೊದಲಿನಿಂದ ನಡಾವಳಿ ಕನ್ನಡದಲ್ಲಿತ್ತು. ಒಂದು ವರ್ಷ ಹೊಸ ಕಾರ್ಯದರ್ಶಿ ಬಂದರು. ಉತ್ಸಾಹಿ, ಪ್ರಾಮಾಣಿಕ, ಆದರೆ ಕನ್ನಡ ಬರೆಯಲು ಬಾರದು. ನಡಾವಳಿ ಮಲಯಾಳಕ್ಕೆ ಹೋಯಿತು. ಮರುವರ್ಷ ಆಮಂತ್ರಣ ಪತ್ರ, ಅದರ ಮರುವರ್ಷ ವಾರ್ಷಿಕೋತ್ಸವದ ಸ್ವಾಗತ ಭಾಷಣ. ಯಾರೂ ನಿರ್ಣಯ ಮಾಡಲಿಲ್ಲ, ಯಾರೂ ವಿರೋಧಿಸಲೂ ಇಲ್ಲ. ಸಂಘ ಕಟ್ಟಿದ ಹಿರಿಯರು ಹಿಂದಿನ ಸಾಲಿನಲ್ಲಿ ಕೂತು ಚಹಾ ಕುಡಿದು ಹೋಗತೊಡಗಿದರು. ಮಲಯಾಳ ನಮ್ಮ ನೆರೆಯವರ ಭಾಷೆ, ನಮ್ಮ ಮಕ್ಕಳ ಗೆಳೆಯರ ಭಾಷೆ. ಅದರ ಮೇಲೆ ನಮಗೆ ದೂರಿಲ್ಲ. ಕನ್ನಡ ಬರೆಯುವವರನ್ನು ಜೊತೆ ಕಾರ್ಯದರ್ಶಿಯಾಗಿ ಇಟ್ಟುಕೊಂಡು ಎರಡೂ ಭಾಷೆಯಲ್ಲಿ ನಡಾವಳಿ ಬರೆದಿದ್ದರೆ ಸಾಕಿತ್ತು. ನಿಯಮಾವಳಿಯಲ್ಲೇ ಈ ಒಂದು ಸಾಲು ಸೇರಿಸಿಕೊಳ್ಳಿ.

ಸಂಘ ನಿಲ್ಲುವುದೇಕೆ, ಮತ್ತೆ ನಡೆಸುವುದು ಹೇಗೆ

ನಾವು ನೋಡಿದಂತೆ ಕಾರಣಗಳು ಮೂರು. ಎಲ್ಲ ಕೆಲಸ ಒಬ್ಬರ ಮೇಲೆ ಇದ್ದು ಅವರು ಊರು ಬಿಟ್ಟದ್ದು ಅಥವಾ ತೀರಿಕೊಂಡದ್ದು. ಹುಡುಗರು ಕೆಲಸ ಹುಡುಕಿ ಮಂಗಳೂರಿಗೆ, ಗಲ್ಫಿಗೆ ಹೋದದ್ದು. ವರ್ಷಕ್ಕೊಂದು ದೊಡ್ಡ ಕಾರ್ಯಕ್ರಮ ಮಾಡಿ ಉಳಿದ ಹನ್ನೊಂದು ತಿಂಗಳು ಬಾಗಿಲು ಹಾಕಿದ್ದು. ಮೂರನೆಯದೇ ಹೆಚ್ಚು ಹಾನಿಕರ. ಸಾಲ ಮಾಡಿ ಉತ್ಸವ ನಡೆಸುವ ಸಂಘಕ್ಕಿಂತ ಹನ್ನೆರಡು ಜನ ತಪ್ಪದೆ ಸೇರುವ ವಾರದ ಕೂಟ ಗಟ್ಟಿ.

ಮತ್ತೆ ನಡೆಸುವವರು ಹಳೆಯ ಪುಸ್ತಕಗಳನ್ನು ಹುಡುಕಿ ತನ್ನಿ. ಹಳೆಯ ಸದಸ್ಯರನ್ನು ಮನೆಗೆ ಹೋಗಿ ಕರೆಯಿರಿ. ಒಂದು ದಿನ, ಒಂದು ಗಂಟೆ ಗೊತ್ತು ಮಾಡಿ, ಮೂರೇ ಜನ ಬಂದರೂ ಬಾಗಿಲು ತೆರೆಯಿರಿ. ಬೀಗದ ಕೈ ಇಬ್ಬರ ಬಳಿ ಇರಲಿ. ಪ್ರತಿ ಸಮಿತಿಯಲ್ಲೂ ಮೂವತ್ತು ದಾಟದ ಇಬ್ಬರಾದರೂ ಇರಲಿ, ಅವರಿಗೆ ಕುರ್ಚಿ ಜೋಡಿಸುವ ಕೆಲಸ ಮಾತ್ರವಲ್ಲ, ಸಭೆಯಲ್ಲಿ ಮಾತಾಡುವ ಕೆಲಸವನ್ನೂ ಕೊಡಿ.

ನಿಮ್ಮ ಊರಿನ ಸಂಘ, ಕೂಟ, ಮೇಳದ ಹೆಸರು, ಆರಂಭವಾದ ವರ್ಷ, ಸೇರುವ ದಿನ, ಮಾಡುವ ಕೆಲಸ ಇಷ್ಟನ್ನು ಬರೆದು ನಮಗೆ ಕಳುಹಿಸಬೇಕೆಂದು ಕೋರುತ್ತೇವೆ. ನಿಂತುಹೋದ ಸಂಘಗಳ ವಿವರವೂ ಬರಲಿ. ಗಡಿಯ ಎಲ್ಲ ಭಾಗಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.

ಕಾರ್ಯದರ್ಶಿ