ಗಣಿಗಾರಿಕೆಯಲ್ಲಿ ಬ್ಯಾಕ್ಟೀರಿಯಗಳು: ಹಟ್ಟಿ ಮತ್ತು ಬಳ್ಳಾರಿ

ಬ್ಯಾಕ್ಟೀರಿಯಗಳು ಖನಿಜವನ್ನು ಕರಗಿಸಬಲ್ಲವೆಂದು ಕೇಳಿದವರು, ಬಳ್ಳಾರಿ-ಸಂಡೂರು ಪ್ರದೇಶದ ಗಣಿತ್ಯಾಜ್ಯಕ್ಕೂ ಅವುಗಳಿಂದಲೇ ಪರಿಹಾರ ದೊರೆಯುವುದೆಂದು ಎಣಿಸುವುದು ಸಹಜ. ಈ ಎಣಿಕೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಈ ವಿದ್ಯೆಯ ಚರಿತ್ರೆಯಿಂದಲೇ ಪರಿಶೀಲಿಸುವುದು ನಮ್ಮ ಉದ್ದೇಶ.

ಈ ಜೀವಿಗಳು ಶಾಸ್ತ್ರಜ್ಞರ ಗಮನಕ್ಕೆ ಬಂದುದು ಅಪಕಾರಿಗಳಾಗಿ. 1947ರಲ್ಲಿ ಕಾಲ್ಮರ್ ಮತ್ತು ಹಿಂಕಲ್ ಎಂಬ ವಿದ್ವಾಂಸರು, ಅಮೆರಿಕದ ಕಲ್ಲಿದ್ದಲ ಗಣಿಗಳಿಂದ ಒಸರುವ ಆಮ್ಲಜಲದ ಉತ್ಪತ್ತಿಯಲ್ಲಿ ಬ್ಯಾಕ್ಟೀರಿಯಗಳ ಪಾತ್ರವಿದೆಯೆಂದು ತೋರಿಸಿದರು. 1951ರಲ್ಲಿ ಅವುಗಳಲ್ಲೊಂದಕ್ಕೆ ಥಯೋಬ್ಯಾಸಿಲಸ್ ಫೆರೊಆಕ್ಸಿಡಾನ್ಸ್ ಎಂದು ಹೆಸರಾಯಿತು. 2000ದಲ್ಲಿ ಅದನ್ನು ಅಸಿಡಿಥಯೋಬ್ಯಾಸಿಲಸ್ ಕುಲಕ್ಕೆ ಸೇರಿಸಲಾಯಿತು. ಕಬ್ಬಿಣ ಮತ್ತು ಗಂಧಕಗಳ ಉತ್ಕರ್ಷಣವೇ ಅದರ ಜೀವನಾಧಾರ. ಹೊಳೆಯ ನೀರನ್ನು ಕೆಡಿಸುವ ಆ ಗುಣವೇ ಕೀಳುದರ್ಜೆಯ ಅದಿರಿನಿಂದ ತಾಮ್ರವನ್ನು ಬಿಡಿಸಲು ಉಪಯುಕ್ತವೆಂಬುದು ಬೇಗನೆ ಮನದಟ್ಟಾಗಿ, 1958ರಲ್ಲಿ ಕೆನೆಕಾಟ್ ಕಂಪನಿಯು ಈ ವಿಧಾನಕ್ಕೆ ಪೇಟೆಂಟನ್ನು ಪಡೆಯಿತು.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ತಕ್ಕ ನೆಲ ರಾಯಚೂರು ಜಿಲ್ಲೆಯ ಹಟ್ಟಿ. ಪ್ರಾಚೀನರೂ ಚಿನ್ನ ತೆಗೆದ ಸ್ಥಳವಿದು. ಅಲ್ಲಿಯ ಚಿನ್ನದ ಒಂದಂಶವು ಪೈರೈಟು ಮತ್ತು ಆರ್ಸೆನೋಪೈರೈಟುಗಳೊಳಗೆ ಹುದುಗಿರುವುದರಿಂದ ಸಯನೈಡು ಅದನ್ನು ಮುಟ್ಟಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎ. ನಟರಾಜನ್ ಮತ್ತು ಸಹೋದ್ಯೋಗಿಗಳು ಬ್ಯಾಕ್ಟೀರಿಯಗಳ ಮೂಲಕ ಈ ಕವಚವನ್ನು ಒಡೆಯುವ ಮಾರ್ಗವನ್ನು ಶೋಧಿಸಿದರು. ಇಲ್ಲಿ ಕರಗುವುದು ಕವಚವೇ ಹೊರತು ಚಿನ್ನವಲ್ಲ. ಹೊರಬಂದ ಆಮ್ಲವನ್ನೂ ಆರ್ಸೆನಿಕ್ಕನ್ನೂ ಸುಣ್ಣದಿಂದ ಶಮನಗೊಳಿಸಬೇಕಾಗುವುದೆಂಬುದನ್ನು ಮರೆಯಲಾಗದು.

ಬಳ್ಳಾರಿಯ ಸ್ಥಿತಿ ಬೇರೆ. ಇಲ್ಲಿಯ ಅದಿರು ಮುಖ್ಯವಾಗಿ ಹೆಮಟೈಟು, ಎಂದರೆ ಕಬ್ಬಿಣದ ಆಕ್ಸೈಡು. ಗಂಧಕವನ್ನು ಅವಲಂಬಿಸಿದ ಜೀವಿಗೆ ಅದರಲ್ಲಿ ಆಹಾರವಿಲ್ಲ. ಆದುದರಿಂದ ಹಟ್ಟಿಯ ಮಾರ್ಗವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಆದರೆ ಮತ್ತೊಂದು ಮಾರ್ಗ ಉಂಟು. 1990ರ ದಶಕದಲ್ಲಿ ನಮಿತಾ ದೇವ್ ಮತ್ತು ನಟರಾಜನ್ ಅವರು ಬ್ಯಾಸಿಲಸ್ ಪಾಲಿಮಿಕ್ಸ ಎಂಬ, ಮಣ್ಣಿನಲ್ಲಿ ಸಾಮಾನ್ಯವಾದ ಬ್ಯಾಕ್ಟೀರಿಯವನ್ನು ಪರೀಕ್ಷಿಸಿದರು. ಅದರ ಸಂಪರ್ಕದಿಂದ ಹೆಮಟೈಟು ನೀರಿಗೆ ಹೆಚ್ಚು ಒಲಿಯುತ್ತದೆ. ಬೆಣಚು ಮತ್ತು ಕೇಯೊಲಿನೈಟು ನೀರಿನಿಂದ ವಿಮುಖವಾಗುತ್ತವೆ. ಈ ಭೇದದ ಬಲದಿಂದ ಸಿಲಿಕಾಂಶವನ್ನು ಕಬ್ಬಿಣದಿಂದ ಬೇರ್ಪಡಿಸಬಹುದು. ಇದರಲ್ಲಿ ಹೆಮಟೈಟನ್ನು ಕರಗಿಸುವ ಮಾತಿಲ್ಲ. ಕೆಲಸವೆಲ್ಲ ಕಣಗಳ ಮೇಲ್ಮೈಯಲ್ಲಿ.

2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದು, ಮುಂದೆ ಪುನರುಜ್ಜೀವನದ ಯೋಜನೆಗೆ ಒಳಪಟ್ಟೇ ಗಣಿಗಳು ನಡೆಯಬೇಕೆಂದು ವಿಧಿಸಿತು. ಅಂದಿನಿಂದ ತ್ಯಾಜ್ಯದ ರಾಶಿಗಳ ಪ್ರಶ್ನೆಯನ್ನು ಗಣಿಯವರು ಬದಿಗಿಡುವಂತಿಲ್ಲ. ಆ ರಾಶಿಯಲ್ಲಿ ಯಾವ ಖನಿಜವಿದೆಯೆಂಬುದನ್ನು ಮೊದಲು ಅರಿತು, ಆ ಬಳಿಕ ಜೀವಿಯನ್ನು ಆರಿಸುವುದೇ ಕ್ರಮ. ಹಟ್ಟಿಯ ಅನುಭವದಿಂದ ಬಳ್ಳಾರಿಯು ಕಲಿಯಬೇಕಾದುದು ಈ ಕ್ರಮವನ್ನು; ಆ ಜೀವಿಯನ್ನಲ್ಲ ಎಂಬುದು ನಮ್ಮ ಅಭಿಪ್ರಾಯ.