ನಾಲ್ಕು ಗಂಟೆಯ ಗಡುವು

1960ರಲ್ಲಿ ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಲೋವರ್ ಮತ್ತು ನಾರ್ಮನ್ ಶಮ್‌ವೇ ನಾಯಿಗಳಲ್ಲಿ ನಡೆಸಿದ ಹೃದಯ ಕಸಿಯ ಪ್ರಯೋಗಗಳನ್ನು ಪ್ರಕಟಿಸಿದರು. ಹೊರತೆಗೆದ ಹೃದಯವನ್ನು ಅವರು ಕಾಪಾಡಿದ್ದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನ ಉಪ್ಪುನೀರಿನಲ್ಲಿ ಮುಳುಗಿಸಿ, ಅಷ್ಟೆ. ತಣ್ಣಗಾದ ಅಂಗಾಂಶಕ್ಕೆ ಆಮ್ಲಜನಕ ಕಡಿಮೆ ಸಾಕೆಂಬ ಈ ಸರಳ ತತ್ತ್ವಕ್ಕೆ ಕಾರ್ಡಿಯೊಪ್ಲೀಜಿಯ, ಅಂದರೆ ಪೊಟ್ಯಾಸಿಯಂ ಬೆರೆತ ದ್ರಾವಣವನ್ನು ಹೃದಯದ ಸ್ವಂತ ರಕ್ತನಾಳಗಳಿಗೆ ಹರಿಸಿ ಮಿಡಿತ ನಿಲ್ಲಿಸುವ ವಿಧಾನವು, ಮುಂದೆ ಜೊತೆಗೂಡಿತು. 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದಾಗ ದಾನಿಯೂ ರೋಗಿಯೂ ಅಕ್ಕಪಕ್ಕದ ಕೊಠಡಿಗಳಲ್ಲಿದ್ದುದರಿಂದ ಸಾಗಣೆಯ ಪ್ರಶ್ನೆಯೇ ಏಳಲಿಲ್ಲ. ಹೃದಯವು ಊರಿಂದೂರಿಗೆ ಹೊರಟ ಮೇಲಷ್ಟೇ ಒಂದರೊಳಗೊಂದಿಟ್ಟ ಚೀಲಗಳೂ, ತಿಂಡಿ ಒಯ್ಯುವ ಡಬ್ಬಿಯಂತೆಯೇ ಕಾಣುವ ಮಂಜುಗಡ್ಡೆಯ ಪೆಟ್ಟಿಗೆಯೂ, ತೆಗೆದ ಹೃದಯವನ್ನು ಮತ್ತೆ ಜೋಡಿಸಲು ಇರುವ ಸುಮಾರು ನಾಲ್ಕು ಗಂಟೆಯ ಗಡುವೂ ಶಸ್ತ್ರವೈದ್ಯರನ್ನು ಆಳತೊಡಗಿದವು. 2014ರಲ್ಲಿ ಸಿಡ್ನಿಯ ವೈದ್ಯರು, ದಾನಿಯ ದೇಹದಲ್ಲಿ ಬಡಿತ ನಿಂತ ಮೇಲೆ ತೆಗೆದ ಹೃದಯವನ್ನು ಮಂಜುಗಡ್ಡೆಯಲ್ಲಿಡದೆ, ಅದಕ್ಕೆ ಯಂತ್ರವೊಂದರ ಮೂಲಕ ಬೆಚ್ಚನೆಯ ರಕ್ತ ಹರಿಸಿ, ಅದು ಮತ್ತೆ ಮಿಡಿಯುವುದನ್ನು ಕಂಡ ಬಳಿಕವೇ ಕಸಿ ಮಾಡಿದರು.