ಚೇಂದಮಂಗಲದ ಪ್ರಾರ್ಥನಾಮಂದಿರ: ಒಂದು ಪುನರುಜ್ಜೀವನದ ಚರಿತ್ರೆ

ಪ್ರಭು ಯೇಸುಕ್ರಿಸ್ತರು ನಜರೇತಿನಲ್ಲಿ ಯೆಶಾಯ ಪ್ರವಾದಿಯ ಗ್ರಂಥಸುರುಳಿಯನ್ನು ಬಿಚ್ಚಿ ಓದಿದುದು ಯೆಹೂದ್ಯರ ಪ್ರಾರ್ಥನಾಮಂದಿರದಲ್ಲಿ. ಶುಭಸಂದೇಶದ ಆ ಭಾಗವನ್ನು ಭಕ್ತಿಯಿಂದ ಆಲಿಸುವ ನಮಗೆ, ಅಂತಹ ಮಂದಿರವನ್ನು ಕಣ್ಣಾರೆ ಕಾಣುವ ಅವಕಾಶ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿಲ್ಲ. ಆದರೆ ಯೆಹೂದ್ಯರು ನಮ್ಮ ನಾಡಿಗೆ ಹೊಸಬರಲ್ಲ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ನೆಲಸಿ ಕಂಚಿನ ಪಾತ್ರೆಗಳನ್ನು ಮಾಡಿಸುತ್ತಿದ್ದನು. ಕೈರೋ ನಗರದ ಪ್ರಾಚೀನ ಪ್ರಾರ್ಥನಾಮಂದಿರವೊಂದರಲ್ಲಿ ದೊರೆತ ಪತ್ರಗಳೇ ಇದಕ್ಕೆ ಸಾಕ್ಷಿ.

ಅದೇ ಕರಾವಳಿಯ ದಕ್ಷಿಣಕ್ಕೆ, ಕೇರಳದಲ್ಲಿ, ಯೆಹೂದ್ಯರ ಮಂದಿರಗಳು ಇಂದಿಗೂ ಉಳಿದಿವೆ. ಪರವೂರಿನ ಸಮೀಪದ ಚೇಂದಮಂಗಲಂ ಎಂಬ ಚಿಕ್ಕ ಊರಿನದು ಅವುಗಳಲ್ಲೊಂದು. ಅಲ್ಲಿ ದೇವಸ್ಥಾನ, ಮಸೀದಿ, ಚರ್ಚು, ಯೆಹೂದ್ಯರ ಮಂದಿರ ಒಂದಕ್ಕೊಂದು ನೆರೆಯಾಗಿ ನಿಂತಿವೆ. 16ನೆಯ ಶತಮಾನದಲ್ಲಿ ಯೇಸುಸಭೆಯ ಗುರುಗಳು ವೈಪಿಕೋಟ್ಟ ಗುರುಮಠವನ್ನು ಸ್ಥಾಪಿಸಿ ಸಿರಿಯಕ್ ಭಾಷೆಯನ್ನು ಬೋಧಿಸಿದುದೂ ಇದೇ ಊರಿನಲ್ಲಿ. ಮಂದಿರದ ಮುಂಭಾಗದಲ್ಲಿರುವ, ಸಾರಾ ಎಂಬ ಸ್ತ್ರೀಯ ಸಮಾಧಿಶಿಲೆಯು 1269ನೆಯ ಇಸವಿಯದು. ಭಾರತದ ಅತಿ ಪ್ರಾಚೀನ ಹೀಬ್ರೂ ಶಾಸನಗಳಲ್ಲಿ ಅದೂ ಒಂದು. ಒಳಗೆ ನಡುವೆ ತೋರಾ ವಾಚನದ ವೇದಿಕೆಯಿದೆ. ಮೇಲಂತಸ್ತಿನಲ್ಲಿ ಇನ್ನೊಂದು ವೇದಿಕೆ, ಅದರ ಹಿಂದೆ ಸ್ತ್ರೀಯರ ಸ್ಥಳ. ಇದು ಕೇರಳದ ಮಂದಿರಗಳ ವೈಶಿಷ್ಟ್ಯ.

1948ರಲ್ಲಿ ಇಸ್ರಾಯೇಲ್ ರಾಷ್ಟ್ರ ಉದಯಿಸಿತು. 1950ರ ದಶಕದಲ್ಲಿ ಕೇರಳದ ಯೆಹೂದಿ ಕುಟುಂಬಗಳಲ್ಲಿ ಹೆಚ್ಚಿನವು ಅಲ್ಲಿಗೆ ತೆರಳಿದವು. ಯಾರೂ ಅವರನ್ನು ಓಡಿಸಲಿಲ್ಲ. ಪಿತೃಗಳಿಗೆ ವಾಗ್ದಾನವಾದ ನಾಡಿನ ಹಂಬಲವೇ ಅವರನ್ನು ಕರೆದೊಯ್ದಿತು. ಯೆಹೂದ್ಯರ ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದಂತೆ ಹತ್ತು ಮಂದಿ ವಯಸ್ಕ ಪುರುಷರಿರಬೇಕು. ಅಷ್ಟು ಜನ ಉಳಿಯದೆ ಚೇಂದಮಂಗಲದ ಮಂದಿರ ಮೌನವಾಯಿತು, ಶಿಥಿಲವಾಯಿತು.

ಮುಂದೆ ಸರ್ಕಾರದ ವತಿಯಿಂದ ಅದರ ಜೀರ್ಣೋದ್ಧಾರವಾಗಿ, 2006ರಲ್ಲಿ ಅಲ್ಲಿ ಯೆಹೂದ್ಯರ ಬಾಳನ್ನು ನಿರೂಪಿಸುವ ಪ್ರದರ್ಶನ ತೆರೆಯಿತು. ಅನ್ಯಧರ್ಮೀಯ ನೆರೆಯವರು ಆ ಸ್ಮರಣೆಯನ್ನು ಕಾಪಾಡಿರುವುದು ಸ್ತುತ್ಯರ್ಹ. ಆದರೆ ನಾವು ಮರೆಯಬಾರದು: ಸುಂದರವಾದ ಆ ಮಂದಿರ ಇಂದು ವಸ್ತುಸಂಗ್ರಹಾಲಯ.

ಹಾಗಾದರೆ ಸಮುದಾಯ ಅಳಿಯಿತೇ? ಇಲ್ಲ. ಇಸ್ರಾಯೇಲಿನ ದಕ್ಷಿಣದ ಮರುಭೂಮಿಯಂಚಿನ ನೆವಾತಿಂ ಗ್ರಾಮದಲ್ಲಿ ಅವರು ಬೆವರು ಸುರಿಸಿ ಬೇಸಾಯ ಮಾಡಿದರು. ಕೊಚ್ಚಿಯ ಮಾದರಿಯಲ್ಲಿಯೇ ಪ್ರಾರ್ಥನಾಮಂದಿರ ಕಟ್ಟಿಕೊಂಡರು. ಅಜ್ಜಿಯರು ಕೈಬರಹದ ಪುಸ್ತಕಗಳಲ್ಲಿ ಕೊಂಡೊಯ್ದಿದ್ದ ಮಲಯಾಳ ಭಾಷೆಯ ಹಾಡುಗಳಿಗೆ ಮತ್ತೆ ಕಂಠ ದೊರೆಯಿತು. ಕೇರಳದ ವಿದ್ವಾಂಸ ಸ್ಕರಿಯಾ ಸಕರಿಯಾ ಮತ್ತು ಇಸ್ರಾಯೇಲಿನ ಒಫಿರಾ ಗಮ್ಲಿಯೆಲ್ ಅವರು 2005ರಲ್ಲಿ ಆ ಹಾಡುಗಳ ಸಂಗ್ರಹವನ್ನು ಪ್ರಕಟಿಸಿದರು.

1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಯೆಹೂದ್ಯರೊಡನೆ ನಮಗಿರುವ ಆಧ್ಯಾತ್ಮಿಕ ಬಂಧವನ್ನು ಸಾರಿತು. 1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದಿದ್ದ ಜಗದ್ಗುರು ಎರಡನೆಯ ಜಾನ್ ಪೌಲರು, ಅದೇ ವರ್ಷದ ಏಪ್ರಿಲ್‌ನಲ್ಲಿ ರೋಮಿನ ಯೆಹೂದಿ ಮಂದಿರವನ್ನು ಸಂದರ್ಶಿಸಿದರು. ಆ ಹಿರಿಯ ಸೋದರರ ಚರಿತ್ರೆ ನಮಗೂ ಪಾಠವಾಗಬೇಕು.

ನೂರು ವರ್ಷದ ಗೋಡೆಗಳಿಗೆ ಸುಣ್ಣ ಬಳಿಯುವುದು ನಮ್ಮ ಕರ್ತವ್ಯವೇ ಸರಿ. ಆದರೆ ಚೇಂದಮಂಗಲದ ಗೋಡೆಗಳಿಗೂ ಸುಣ್ಣವಿದೆ. ಅಲ್ಲಿ ಇಲ್ಲದ್ದು, ನೆವಾತಿಂನಲ್ಲಿ ಇರುವುದು, ಕೂಡಿ ಪ್ರಾರ್ಥಿಸುವ ಮನೆಮಂದಿ. ಪ್ರಿಯ ಭಕ್ತಾದಿಗಳೇ, ಮಕ್ಕಳಿಗೆ ಜಪವನ್ನೂ ಹಾಡನ್ನೂ ಮನೆಯಲ್ಲಿಯೇ ಕಲಿಸೋಣ. ಅವರು ದುಡಿಮೆಗಾಗಿ ಯಾವ ದೂರದ ಊರಿಗೆ ಹೋದರೂ ಅಲ್ಲಿ ದೇವಾಲಯವೊಂದು ಎದ್ದೀತು.